ಹಿಂದಿನ ಸೀಟಿನ ದೀಪ

ಫ್ಯೂಸಕ್ಕನ ಕೈಗೆ ಕಾರು ಬಂತೆಂದರೆ ಅದರ ಗುಟ್ಟೆಲ್ಲ ರಟ್ಟಾಯಿತೆಂದೇ ಲೆಕ್ಕ. ಮೂವತ್ತೈದು ವರ್ಷದಿಂದ ಕಾರುಗಳ ವೈರಿಂಗ್ ಮಾಡಿಕೊಂಡು ಬಂದವಳು. ಹುಟ್ಟಿದಾಗ ಇಟ್ಟ ಹೆಸರು ಏನೆಂದು ಗಂಡನೂ ಒಂದು ಕ್ಷಣ ಯೋಚಿಸಿಯೇ ಹೇಳಬೇಕು. ಅವಳದು ಒಂದೇ ಹಟ: ಏನಕ್ಕಿದೆ ಎಂದು ತಿಳಿಯದೆ ಯಾವ ವೈರನ್ನೂ ಕತ್ತರಿಸುವುದಿಲ್ಲ. ಗಿರಾಕಿ ಕುಣಿದಾಡಲಿ, ತಲೆ ಚಚ್ಚಿಕೊಳ್ಳಲಿ, ಊಹೂಂ.

ಆ ಬೆಳಿಗ್ಗೆ ಕುಣಿದಾಡುತ್ತಿದ್ದವರು ನಿವೃತ್ತ ಗಣಿತದ ಮೇಷ್ಟ್ರು. ಅವರಪ್ಪನ ಕಾರು ಐವತ್ತು ವರ್ಷ ಚಿಕ್ಕಪ್ಪನ ಶೆಡ್ಡಿನಲ್ಲಿ ಧೂಳು ತಿಂದು ಈಗ ಅವರ ಪಾಲಿಗೆ ಬಂದಿತ್ತು. ಭಾನುವಾರ ಹಳೇ ಕಾರುಗಳ ಸಂಘದವರ ತಪಾಸಣೆ. ಕಂಪನಿಯಿಂದ ಬಂದ ಹಾಗೇ ಇದ್ದರೆ ಮೊದಲ ಸಾಲು; ಹೊರಗಿನ ಸಾಮಾನು ಒಂದೇ ಒಂದು ಕಂಡರೂ ಎರಡನೇ ಸಾಲಿಗೆ ದಬ್ಬುತ್ತಾರೆ. ಈ ಮಹಾರಾಯರ ಕಾರಿನಲ್ಲಿ ಅಂಥವು ಮೂರಿದ್ದವು. ಡ್ಯಾಶ್‌ಬೋರ್ಡಿನ ಕೆಳಗೊಂದು ದುಂಡನೆಯ ಮೀಟರ್, ಸ್ಟೀರಿಂಗಿನ ಹಿಂದೆ ಒಂದು ಕೆಂಪು ದೀಪ, ಪಕ್ಕದಲ್ಲೇ ಒಂದು ಹಸಿರು ದೀಪ. ಕಂಪನಿಯ ಪುಸ್ತಕವನ್ನು ಮೂರು ಸಲ ತಿರುವಿದರೂ ಅವುಗಳ ಸುಳಿವಿಲ್ಲ.

"ಅಪ್ಪ ಅಂಟಿಸಿದ್ದು ಅದೆಲ್ಲ. ಏನು ಎತ್ತ ಅಂತ ಕೇಳ್ಬೇಡಿ ಫ್ಯೂಸಕ್ಕ, ಕಿತ್ತು ಬಿಸಾಕಿ."

"ಕೀಳೋಣ. ಏನಕ್ಕೆ ಹಾಕಿದ್ರು ಅಂತ ಗೊತ್ತಾದ್ಮೇಲೆ."

"ಅಪ್ಪ ನನ್ನ ಹತ್ರ ಮಾತಾಡಿದ್ರೆ ತಾನೇ ಗೊತ್ತಾಗೋಕೆ!" ಮೇಷ್ಟ್ರ ಮುಖ ಕೆಂಪಾಯಿತು. ಸಿಟ್ಟಿನಲ್ಲಿ ಎಲ್ಲವೂ ಹೊರಬಂತು. ಅವರಿಗೆ ಆಗ ಏಳು ವರ್ಷ. ದಾರಿಯಲ್ಲಿ ಅಪ್ಪ ಕಾರು ನಿಲ್ಲಿಸಿ, ಬಾನೆಟ್ಟಿನೊಳಗೆ ಬಗ್ಗಿ ರೇಡಿಯೇಟರಿಗೆ ನೀರು ಹಾಕುತ್ತಿದ್ದ. "ಹಿಂದೆ ನಿಂತು, ಅಪ್ಪಾ ಬಂದೆ ಇರು ಅಂತ ಹೇಳೇ ಮರದ ಮರೆಗೆ ಹೋದೆ. ಬರೋಷ್ಟರಲ್ಲಿ ಕಾರು ಹೊರಟಿತ್ತು. ಕೂಗಿದೆ, ಓಡಿದೆ. ತಿರುಗಿ ಸಹ ನೋಡಲಿಲ್ಲ ಪುಣ್ಯಾತ್ಮ! ಒಂದು ಗಂಟೆ ಆದ್ಮೇಲೆ ಬಂದು ಎತ್ತಿ ಸೀಟಲ್ಲಿ ಹಾಕ್ದ. ಒಂದೇ ಒಂದು ಮಾತಿಲ್ಲ. ಎರಡು ವರ್ಷಕ್ಕೆ ಸತ್ತೂ ಹೋದ. ಮಗ ಇದ್ದಾನೋ ಇಲ್ವೋ ಅನ್ನೋದೂ ಗೊತ್ತಿಲ್ಲದ ಅಪ್ಪನ ಗುರುತು ನನ್ನ ಕಾರಲ್ಲಿ ಯಾಕೆ?"

ಸಮಾಧಾನ ಹೇಳುವುದು ಫ್ಯೂಸಕ್ಕನಿಗೆ ಬರುವುದಿಲ್ಲ, ವೈರ್ ಹಿಡಿದುಕೊಂಡು ಹೋಗುವುದು ಬರುತ್ತದೆ. ಹಲಗೆಯ ಮೇಲೆ ಅಂಗಾತ ಮಲಗಿ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದಳು.

ಕೆಲಸ ಚೊಕ್ಕವಾಗಿತ್ತು. ವೈರಿನ ಒಂದೊಂದು ಬೆಸುಗೆಗೂ ಟೇಪಿನ ಬದಲು ನೂಲು ಸುತ್ತಿ, ಮೇಲೆ ವಾರ್ನಿಶ್ ಬಳಿದಿದ್ದರು. ಮೂರೂ ಒಂದೇ ಕೈಯ ಕೆಲಸ.

"ಈ ಮೀಟರು ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗತ್ತೆ ಅಂತ ತೋರಿಸೋದು," ಎಂದಳು.

"ಹಾಗಾದ್ರೆ ರೇಸ್ ಬಿಡ್ತಿದ್ರು," ಎಂದ ಅವಳ ಗಂಡ. ಬಂಪರಿನ ತಗ್ಗು ಎತ್ತುತ್ತಿದ್ದ ಟಿಂಕರ್ ಅವನು. ಕರೆಯದಿದ್ದರೂ ಮಾತಿಗೆ ಮೂಗು ತೂರಿಸುವುದು ಹಳೇ ಚಾಳಿ.

"ನಲವತ್ತರ ಮೇಲೆ ಓಡಿಸಿದ್ದೇ ಇಲ್ಲ," ಎಂದರು ಮೇಷ್ಟ್ರು.

ಹಸಿರು ದೀಪದ ವೈರು ಹಿಂದಿನ ಸೀಟಿನ ಅಡಿಗೆ ಹೋಗಿತ್ತು. ಸೀಟು ಎತ್ತಿ ನೋಡಿದರೆ ಒಂದು ತಗಡು, ಅದರ ಕೆಳಗೆ ಸ್ಪ್ರಿಂಗು, ಸ್ವಿಚ್ಚು. ಫ್ಯೂಸಕ್ಕ ನಕ್ಕಳು. "ಕಳ್ಳ ಬಂದು ಕೂತ್ರೆ ಗೊತ್ತಾಗ್ಲಿ ಅಂತ. ಇಷ್ಟೇನಾ! ಕತ್ತರಿ ಕೊಡ್ರೀ."

ಕತ್ತರಿ ಇಡುವ ಮುಂಚೆ ಕೆಂಪು ದೀಪವನ್ನೂ ಒಂದು ಸಲ ನೋಡಿಬಿಡೋಣವೆಂದು ಹೊಸ ಬಲ್ಬು ಸಿಕ್ಕಿಸಿ, ಅದರ ವೈರಿನ ಜಾಡು ಹಿಡಿದಳು. ಅದು ಹಾರ್ನಿಗೆ ಹೋಗಿತ್ತು. ಹಾರ್ನ್ ಒತ್ತಿದಳು. ಪೋಂ ಎಂದಿತು, ಕೆಂಪು ದೀಪ ಹೊತ್ತಿತು. ಬಿಟ್ಟಳು, ಆರಿತು.

"ಥೂ, ಎಂಥ ದಡ್ಡಿ ನಾನು!" ಎಂದು ಕತ್ತರಿ ಕೆಳಗಿಟ್ಟಳು. "ಹಾರ್ನ್ ಆಯ್ತು ಅಂತ ಹೇಳೋಕೆ ದೀಪ ಯಾರಿಗೆ ಬೇಕು? ಎಂಜಿನ್ ಸದ್ದು ಕೇಳಿ ಗೇರ್ ಹಾಕೋನಿಗೆ ಮೀಟರ್ ಯಾಕೆ ಬೇಕು? ಮೇಷ್ಟ್ರೇ, ನಿಮ್ಮಪ್ಪ ಎಲ್ಲಿ ಕೆಲಸಕ್ಕಿದ್ರು?"

"ಬಟ್ಟೆ ಮಿಲ್ಲಲ್ಲಿ. ಮುನ್ನೂರು ಮಗ್ಗದ ಮಧ್ಯೆ, ಇಪ್ಪತ್ತು ವರ್ಷ."

"ಕಿವಿ?"

"ಕಿವಿಗೇನಾಗಿತ್ತು! ಎದುರು ನಿಂತು ಕೇಳಿದ್ರೆ ಪಟ್ ಅಂತ ಉತ್ತರ ಬರೋದು. ಹಿಂದಿನಿಂದ ಕೂಗಿದ್ರೆ ಮಾತ್ರ..." ಮೇಷ್ಟ್ರು ಅಲ್ಲಿಗೇ ನಿಲ್ಲಿಸಿದರು. ಬಾಯಿ ತೆರೆದೇ ಇತ್ತು.

"ತುಟಿ ನೋಡ್ಕೊಂಡು ನಿಭಾಯಿಸಿದ್ದಾರೆ," ಎಂದಳು ಫ್ಯೂಸಕ್ಕ. "ಕಿವಿ ಹೋಗಿದೆ ಅಂತ ಗೊತ್ತಾಗಿದ್ರೆ ಲೈಸೆನ್ಸೂ ಹೋಗ್ತಿತ್ತು, ಕೆಲಸಾನೂ ಹೋಗ್ತಿತ್ತೋ ಏನೋ. ಅದಕ್ಕೇ ಹೊರಗಿನೋರ ಹತ್ರ, ಮಕ್ಕಳ ಹತ್ರ ಬಾಯಿ ಬಿಟ್ಟಿಲ್ಲ."

ಮೇಷ್ಟ್ರು ಕಾರಿನ ಬಾಗಿಲು ಹಿಡಿದುಕೊಂಡರು. ಟಿಂಕರ್ ಸುತ್ತಿಗೆ ಕೆಳಗಿಟ್ಟು ಸ್ಟೂಲು ತಂದುಕೊಟ್ಟ. ಮೇಷ್ಟ್ರು ಕೂರಲಿಲ್ಲ. "ಆ ಹಸಿರು ದೀಪ?" ಎಂದರು.

ಫ್ಯೂಸಕ್ಕ ಅದಕ್ಕೂ ಬಲ್ಬು ಹಾಕಿದಳು. ಸೀಟನ್ನು ಸ್ವಸ್ಥಾನದಲ್ಲಿಟ್ಟು, ಅದರ ಮೇಲೆ ಸಣ್ಣದೊಂದು ಸಾಮಾನಿನ ಪೆಟ್ಟಿಗೆ ಇಟ್ಟಳು. ಏನೂ ಆಗಲಿಲ್ಲ. ಪೆಟ್ಟಿಗೆ ತೆಗೆದು, ಹಳೇ ಕಾರ್ ಬ್ಯಾಟರಿಯೊಂದನ್ನು ಹೊತ್ತು ತಂದಿಟ್ಟಳು. ದೀಪ ಹೊತ್ತಿತು.

"ಹದಿನೈದು ಕೆಜಿ. ಈ ತೂಕಕ್ಕೇ ಅಂತ ಸ್ಪ್ರಿಂಗ್ ಹದ ಮಾಡಿದ್ದಾರೆ. ಏಳು ವರ್ಷಕ್ಕೆ ನೀವು ಹೇಗಿದ್ರಿ?"

"ಕಡ್ಡಿ ಪೈಲ್ವಾನ್ ಅಂತಿದ್ರು," ಎಂದರು ಮೇಷ್ಟ್ರು ಸಣ್ಣ ದನಿಯಲ್ಲಿ.

"ಇದು ಎಲ್ಲಕ್ಕಿಂತ ಕೊನೆಗೆ ಹಾಕಿದ್ದು. ನೋಡಿ, ಹಳೇ ನೂಲಿನ ಮೇಲೆ ಇದರ ನೂಲು ಬಂದಿದೆ."

"ಆ ಮಾರನೇ ವಾರ..." ಮೇಷ್ಟ್ರು ಸೀಟಿನ ಮೇಲೆ ಕೈಯಾಡಿಸಿದರು. "ನನ್ನ ಬಿಟ್ಟುಹೋಗಿದ್ದ ಮಾರನೇ ವಾರ ಈ ಸೀಟು ನಡುಮನೇಲಿ ಬಿದ್ದಿತ್ತು. ಮೇಲೆ ಹತ್ತಿ ಕುಣಿದು ಅಮ್ಮನ ಹತ್ರ ಬೈಸ್ಕೊಂಡಿದ್ದೆ."

"ಮತ್ತೇನು ಸಾಕ್ಷಿ ಬೇಕು? ಮಗ ಹತ್ತಿದ್ನಾ ಇಲ್ವಾ ಅಂತ ಕಿವಿಗೆ ಕೇಳಲ್ಲ. ಕಣ್ಣಿಗೆ ಕಾಣೋ ಹಾಗೆ ಮಾಡ್ಕೊಂಡ್ರು."

ಟಿಂಕರ್ ಬೇರೆಡೆ ಮುಖ ತಿರುಗಿಸಿ ಬಂಪರನ್ನು ಒರೆಸತೊಡಗಿದ. ಮೇಷ್ಟ್ರು ಕಣ್ಣೊರೆಸಿಕೊಳ್ಳುವ ಗೋಜಿಗೇ ಹೋಗಲಿಲ್ಲ. "ಅಮ್ಮ ಎಷ್ಟು ಸಲ ಹೇಳೋಕೆ ಬಂದ್ಲು ಫ್ಯೂಸಕ್ಕ. ಅಪ್ಪನ ಮಾತೆತ್ತಿದ್ರೆ ನಾನೇ ಎದ್ದು ಹೋಗ್ತಿದ್ದೆ. ಒಂದು ಸಲ ಕೂತು ಕೇಳ್ಬಾರ್ದಿತ್ತಾ ನಾನು?"

ಫ್ಯೂಸಕ್ಕ ಕತ್ತರಿ ಎತ್ತಿಕೊಂಡಳು. ಕೆಲಸ ಕೆಲಸವೇ. "ಈಗ ಹೇಳಿ. ಕೀಳ್ಬೇಕಾ?"

"ಒಂದು ಸ್ಕ್ರೂ ಮುಟ್ಟಿದ್ರೆ ನೋಡಿ ಮತ್ತೆ! ಎರಡನೇ ಸಾಲಲ್ಲೇ ನಿಲ್ಲಿಸ್ತೀನಿ. ಏನಿದು ಅಂತ ಕೇಳಿದೋರಿಗೆಲ್ಲ ಬಾಯ್ತುಂಬ ಹೇಳ್ತೀನಿ."

ಅವಳು ಬ್ಯಾಟರಿ ಇಳಿಸಿ, ಬಂದು ಡ್ರೈವರ್ ಸೀಟಿನಲ್ಲಿ ಕುಳಿತಳು. ಮೇಷ್ಟ್ರು ಹಿಂದಿನ ಬಾಗಿಲು ತೆಗೆದು ಮೆಲ್ಲಗೆ ಹತ್ತಿ ಕೂತರು. ಕತ್ತು ಆ ಕಡೆ ಈ ಕಡೆ ಚಾಚಿ ನೋಡಿದರು.

"ನನಗೆ ಇಲ್ಲಿಂದ ಕಾಣ್ತಿಲ್ಲ."

"ಹಿಂದೆ ಕೂತೋರಿಗೆ ಕಾಣೋ ಹಾಗೆ ಇಟ್ಟಿಲ್ಲ. ಓಡಿಸೋರಿಗೆ ಮಾತ್ರ."

"ಉರೀತಿದ್ಯಾ?"

"ನೀವು ಕೂತಿರೋವರೆಗೂ ಉರಿಯತ್ತೆ ಮೇಷ್ಟ್ರೇ," ಎಂದಳು ಫ್ಯೂಸಕ್ಕ.

ಮೇಷ್ಟ್ರು ಏಳಲಿಲ್ಲ.