ಎಂಟು ಜನ, ಐನೂರ ನಲವತ್ತನಾಲ್ಕು ಕಿಲೋ

ಎಲ್ಲದಕ್ಕೂ ಮೂಲ ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರೂ ನನ್ನತ್ತ ಬೊಟ್ಟು ಮಾಡುವುದು ಬೇಡ. ಪತ್ರಿಕೆಯ ಒಳಪುಟದಲ್ಲಿ ಬಂದಿದ್ದ ಆ ನಾಲ್ಕು ಸಾಲಿನ ಸುದ್ದಿಯನ್ನು ಕತ್ತರಿಸಿ ಕಚೇರಿಯ ಸೂಚನಾ ಫಲಕಕ್ಕೆ ಚುಚ್ಚಿದವಳು ನಾನು. ದಿನಾ ಮೆಟ್ಟಿಲು ಹತ್ತುವವರು ಹತ್ತದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ ಎಂದು ಯಾವುದೋ ವಿಶ್ವವಿದ್ಯಾಲಯದ ಸಂಶೋಧನೆ ಹೇಳಿತ್ತು. ಜನರಿಗೆ ಒಳ್ಳೆಯದಾಗಲಿ ಎಂದು ಚುಚ್ಚಿದೆ ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. ಹಿಂದಿನ ದಿನ ನಮ್ಮ ಹೆಡ್ ಕ್ಲರ್ಕ್ ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಮ್ಮಾ, ಈಚೆಗೆ ಚೆನ್ನಾಗಿ ತುಂಬ್ಕೊಂಡಿದ್ದೀರಿ" ಎಂದಿದ್ದರು. ಅವರ ಹೊಟ್ಟೆ ಅವರಿಗಿಂತ ಮೊದಲು ಬಾಗಿಲು ದಾಟುತ್ತದೆ. ಅವರ ಕಣ್ಣಿಗೆ ಬೀಳಲಿ ಎಂದೇ ಚುಚ್ಚಿದ್ದು.

ನಮ್ಮದು ತೂಕ ಮತ್ತು ಅಳತೆಯ ಇಲಾಖೆ. ಊರಿನ ಅಂಗಡಿಯವರೆಲ್ಲ ತಕ್ಕಡಿ, ತೂಕದ ಕಲ್ಲು, ಅಳತೆಗೋಲು ತಂದು ಪರೀಕ್ಷೆ ಮಾಡಿಸಿ, ಮುದ್ರೆ ಹಾಕಿಸಿಕೊಂಡು ಹೋಗುವ ಜಾಗ. ಮುದ್ರೆ ಹಾಕುವುದು ಆರನೇ ಮಹಡಿಯಲ್ಲಿ. ಇಪ್ಪತ್ತು ಕಿಲೋ ಕಬ್ಬಿಣದ ಕಲ್ಲುಗಳನ್ನು ಅಷ್ಟು ಎತ್ತರಕ್ಕೆ ತರಿಸಬೇಕೆಂದು ಯಾವ ಪುಣ್ಯಾತ್ಮನಿಗೆ ಹೊಳೆದಿತ್ತೋ ಗೊತ್ತಿಲ್ಲ. ನಾನು ನಾಲ್ಕನೇ ಮಹಡಿಯ ಟಪಾಲು ವಿಭಾಗದವಳು. ಲಿಫ್ಟ್ ನಡೆಸುವವನು ನನ್ನ ಸೋದರಮಾವ.

ಮಾವ ಮೂವತ್ತೊಂದು ವರ್ಷದಿಂದ ಅದೇ ಲಿಫ್ಟಿನಲ್ಲಿ, ಅದೇ ಸ್ಟೂಲಿನ ಮೇಲೆ ಕೂತವನು. ಕಚೇರಿಗೆಲ್ಲ ಅವನು ಮಾವನೇ. ಮೇಲಧಿಕಾರಿ ಮೇಡಂ ಕೂಡ ಹಾಗೇ ಕರೆಯುವುದು. ಅತ್ತೆ ಹೋಗಿ ಆರು ವರ್ಷವಾಯಿತು, ಮಕ್ಕಳಿಲ್ಲ, ಮನೆಯಲ್ಲಿ ಗೋಡೆ ಬಿಟ್ಟರೆ ಮಾತಿಗೆ ಯಾರೂ ಇಲ್ಲ. ಅವನ ಸಂಸಾರವೆಲ್ಲ ಆ ಪೆಟ್ಟಿಗೆಯೊಳಗೇ. ಒಂದು ಮಹಡಿಗೆ ಹತ್ತು ಸೆಕೆಂಡು. ಅಷ್ಟರಲ್ಲೇ ಒಬ್ಬರ ಮಗನ ಪರೀಕ್ಷೆ, ಇನ್ನೊಬ್ಬರ ಹಲ್ಲುನೋವು, ಮತ್ತೊಬ್ಬರ ಮನೆ ಸೋರುವುದು ಎಲ್ಲವನ್ನೂ ವಿಚಾರಿಸಿಕೊಳ್ಳುತ್ತಾನೆ. ಸಮಯ ಮಿಕ್ಕರೆ ತನ್ನದನ್ನೂ ಹೇಳುತ್ತಾನೆ. "ಆವತ್ತು ನಿಮ್ಮತ್ತೇನ ಆಸ್ಪತ್ರೆಗೆ ಕರ್ಕೊಂಡು ಹೋದ್ನಾ ಪುಟ್ಟಿ, ಒಳಗೆ ಕಾಲಿಡ್ತಿದ್ದ ಹಾಗೇ ಏನಾಯ್ತು ಗೊತ್ತಾ..." ಎನ್ನುವಷ್ಟರಲ್ಲಿ ನಾಲ್ಕನೇ ಮಹಡಿ ಬರುತ್ತಿತ್ತು. ನಾನು ಇಳಿದುಬಿಡುತ್ತಿದ್ದೆ. ಆರು ವರ್ಷದಲ್ಲಿ ನನಗೆ ಆ ಆಸ್ಪತ್ರೆಯ ಬಾಗಿಲಿನಿಂದ ಮುಂದಕ್ಕೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದೂ ಗೊತ್ತಿರಲಿಲ್ಲ.

ಚೀಟಿ ಚುಚ್ಚಿದ ಮೂರನೇ ದಿನಕ್ಕೇ ಇಡೀ ಕಚೇರಿ ಮೆಟ್ಟಿಲ ಮೇಲಿತ್ತು. ಹೆಡ್ ಕ್ಲರ್ಕ್ ಸಾಹೇಬರಂತೂ ಒಂದು ಮೆಟ್ಟಿಲಿಗೆ ನಾಲ್ಕು ಸೆಕೆಂಡು ಆಯುಷ್ಯ ಎಂದು ತಾವೇ ತೀರ್ಮಾನಿಸಿ, ಮರುದಿನ ಹನ್ನೊಂದು ನಿಮಿಷ ತಡವಾಗಿ ಬಂದರು. "ಇದು ನಾನು ಹತ್ತಿ ಸಂಪಾದಿಸಿದ ಟೈಮು" ಎಂದರು.

"ಅದು ಆಯುಷ್ಯದ ಕೊನೇಲಿ ಸಿಗೋದಲ್ವಾ ಸಾರ್?" ಎಂದೆ.

"ಮುಂಗಡ ತಗೊಂಡೆ."

ಲಿಫ್ಟಿಗೆ ಹೋಗುವ ಒಬ್ಬಿಬ್ಬರನ್ನು ಜನ ಮರುಕದಿಂದ ನೋಡತೊಡಗಿದರು. ಮಾವ ಖಾಲಿ ಲಿಫ್ಟಿನಲ್ಲಿ ಒಬ್ಬನೇ ಮೇಲೆ ಹೋಗಿ ಒಬ್ಬನೇ ಕೆಳಗೆ ಬರುತ್ತಿದ್ದ. ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದು, ಯಾರಾದರೂ ಇದ್ದಾರಾ ಎಂದು ಇಣುಕಿ ನೋಡಿ ಮುಚ್ಚುತ್ತಿದ್ದ. ಅದನ್ನು ನೋಡಿದ ದಿನವೇ ಹೋಗಿ ಚೀಟಿ ಕಿತ್ತು ಹಾಕಿದೆ. ಅಷ್ಟರಲ್ಲಿ ಅದರ ಪಕ್ಕದಲ್ಲೇ ಎರಡನೆಯದು ಬಂದಿತ್ತು.

ಅದು ನನ್ನದಲ್ಲ, ಮುದ್ರೆ ಕೋಣೆಯ ಇನ್‌ಸ್ಪೆಕ್ಟರ್ ಕತ್ತರಿಸಿ ತಂದದ್ದು. ಲಿಫ್ಟುಗಳು ತಿನ್ನುವ ಕರೆಂಟಿನಿಂದಲೂ ಭೂಮಿ ಬಿಸಿಯಾಗುತ್ತಿದೆ ಎಂದು ಅದರಲ್ಲಿತ್ತು. ಆ ವರ್ಷ ಸೆಕೆ ಬೇರೆ ವಿಪರೀತ. ಮಾವನೇ ಕೂತು ಭೂಮಿಯ ಕೆಳಗೆ ಒಲೆ ಉರಿಸುತ್ತಿದ್ದಾನೇನೋ ಎನ್ನುವ ಹಾಗೆ ಎಲ್ಲರೂ ಅವನನ್ನು ನೋಡತೊಡಗಿದರು. ಮೂರನೇ ಮಹಡಿಯ ಟೈಪಿಸ್ಟ್ ಬಾಯಿಬಿಟ್ಟೇ ಕೇಳಿದಳು: "ಮಾವ, ನೆನ್ನೆ ರಾತ್ರಿಯೆಲ್ಲಾ ನಿದ್ದೆ ಇಲ್ಲ, ಏನ್ ಸೆಕೆ ಅಂತೀರಿ! ನೀವು ಸ್ವಲ್ಪ ನೋಡ್ಕೊಂಡು ಓಡಿಸಬಾರದಾ?"

ಮಾವ ತಪ್ಪು ಮಾಡಿದವನ ಮುಖ ಮಾಡಿಕೊಂಡು, "ನೆನ್ನೆ ಎರಡೇ ಸಲ ಹೋಗಿದ್ದು ತಾಯಿ. ಒಂದು ಸಲ ಅರ್ಧಕ್ಕೇ ವಾಪಸ್ ಬಂದೆ" ಎಂದ.

ಮೇಡಂ ಲಿಫ್ಟಿಗೆ ಬೀಗ ಹಾಕಿಸಿದರು. ಆದರೆ ನಮ್ಮದು ಸರ್ಕಾರಿ ಇಲಾಖೆ. ನಿರ್ವಾಹಕನ ಜೊತೆಯಿಲ್ಲದೆ ಯಾರೂ ಮೇಲಿನ ಮಹಡಿಗೆ ಹೋಗತಕ್ಕದ್ದಲ್ಲ ಎಂಬ ಹಳೆಯ ನಿಯಮವೊಂದು ಬೀಗ ಬಿದ್ದ ಮೇಲೆ ಎಲ್ಲರಿಗೂ ನೆನಪಾಯಿತು, ಅದನ್ನು ರದ್ದು ಮಾಡುವ ಅಧಿಕಾರ ಮೇಡಂಗೆ ಇರಲಿಲ್ಲ. ಅವರು ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಮೂರನೆಯ ಸಂಶೋಧನೆ ಬಂತು. ಮನುಷ್ಯರು ಒಳ್ಳೆಯ ಅಭ್ಯಾಸವನ್ನು ಮೂರು ವಾರಕ್ಕೆ ಬಿಟ್ಟುಬಿಡುತ್ತಾರೆ, ಪರಿಚಯದವರೊಬ್ಬರು ಜೊತೆಗಿದ್ದರೆ ಮಾತ್ರ ಬಿಡುವುದಿಲ್ಲ ಎಂದು. ಮೇಡಂ ಎರಡನ್ನೂ ಕೂಡಿಸಿ ಆದೇಶ ಹೊರಡಿಸಿದರು: ಲಿಫ್ಟ್ ನಿರ್ವಾಹಕರು ತಮ್ಮ ಕರ್ತವ್ಯವನ್ನು ಮೆಟ್ಟಿಲಿನ ಮೇಲೆ ಮುಂದುವರಿಸತಕ್ಕದ್ದು.

ಬೇರೆ ಯಾರಾದರೂ ಆಗಿದ್ದರೆ ಇದನ್ನು ತಮಾಷೆ ಮಾಡಿಕೊಂಡು ಕಾಲ ಕಳೆಯುತ್ತಿದ್ದರು. ಮಾವ ಹಾಗಲ್ಲ. ಲಿಫ್ಟಿನೊಳಗಿದ್ದ "8 ಜನ, 544 ಕಿಲೋ" ಎಂಬ ಹಲಗೆಯನ್ನು ಬಿಚ್ಚಿ ತಂದು ಮೆಟ್ಟಿಲ ಬುಡದ ಗೋಡೆಗೆ ಮೊಳೆ ಹೊಡೆದ. ಎಂಟು ಜನ ಸೇರುವವರೆಗೆ ಸ್ವಲ್ಪ ಕಾಯುತ್ತಿದ್ದ, ಒಂಬತ್ತನೆಯವರನ್ನು ಸೇರಿಸುತ್ತಿರಲಿಲ್ಲ. ಕಬ್ಬಿಣದ ಕಲ್ಲು ಹೊತ್ತ ಅಂಗಡಿಯವರು ಬಂದರೆ ತೂಗಿ ನೋಡುತ್ತಿದ್ದ. ತಕ್ಕಡಿಗೆ ನಮ್ಮಲ್ಲಿ ಬರವಿಲ್ಲ. ಸಕ್ಕರೆ ವ್ಯಾಪಾರಿಯೊಬ್ಬರು ಕಲ್ಲುಗಳ ಸಮೇತ ಎರಡು ಜನವಾದರು. "ಮೆಟ್ಟಿಲು ಕಲ್ಲಿನದ್ದು ಕಣಯ್ಯಾ, ಆನೆ ಬಂದ್ರೂ ತಡ್ಕೊಳ್ಳುತ್ತೆ" ಎಂದು ಅವರು ರೇಗಿದರೆ, "ನಿಯಮ ಸ್ವಾಮಿ" ಎಂದು ಕೈಮುಗಿದ. ಹತ್ತುವಾಗ ಪ್ರತಿ ಮಹಡಿಯಲ್ಲೂ ನಿಂತು ಕೂಗುತ್ತಿದ್ದ: "ಎರಡನೇ ಮಹಡಿ. ಇಳಿಯೋರು ಇಳ್ಕೊಳ್ಳಿ."

ಇದಕ್ಕಿಂತ ದೊಡ್ಡ ಅವಾಂತರ ಗಂಟೆಯದ್ದು. ಮೇಲಿನಿಂದ ಕೆಳಗೆ ಬರಬೇಕಾದವರು ಹಳೆಯ ರೂಢಿಯಂತೆ ಲಿಫ್ಟಿನ ಗಂಟೆ ಒತ್ತುತ್ತಿದ್ದರು. ಮಾವ ಐದು ಮಹಡಿ ಹತ್ತಿ ಹೋಗಿ ಅವರನ್ನು ಕರೆದುಕೊಂಡು ಇಳಿದು ಬರುತ್ತಿದ್ದ. "ನೀವೇ ಇಳಿದು ಬರೋಕೆ ಏನ್ರೀ ಧಾಡಿ?" ಎಂದು ನಾನು ಒಬ್ಬರನ್ನು ತರಾಟೆಗೆ ತಗೊಂಡೆ. "ಜೊತೆ ಇಲ್ದಿದ್ರೆ ಅಭ್ಯಾಸ ತಪ್ಪುತ್ತಂತಲ್ಲಮ್ಮಾ" ಎಂದರು ಅವರು, ಪೂರ್ತಿ ನಂಬಿಕೆಯಿಂದ.

ಒಂದು ಮಾತು ಮಾತ್ರ ನಿಜ. ಮಾವ ಅಷ್ಟು ಸಂತೋಷವಾಗಿದ್ದುದನ್ನು ನಾನು ಅತ್ತೆ ಹೋದ ಮೇಲೆ ನೋಡಿರಲಿಲ್ಲ. ಅವನ ಮಂಡಿಯ ವೇಗಕ್ಕೆ ಆರನೇ ಮಹಡಿ ಮುಟ್ಟಲು ಇಪ್ಪತ್ತು ನಿಮಿಷ ಬೇಕಾಗುತ್ತಿತ್ತು. ವರ್ಷಗಟ್ಟಲೆ ಮಹಡಿ ಬಂತೆಂದು ಅರ್ಧಕ್ಕೇ ನಿಂತಿದ್ದ ಮಾತುಗಳೆಲ್ಲ ಅಲ್ಲಿ ಮುಗಿಯತೊಡಗಿದವು. ಟೈಪಿಸ್ಟಳ ತಂಗಿ ಗಂಡನ ಮನೆಗೆ ವಾಪಸ್ ಹೋದದ್ದು ಯಾಕೆಂದು ನಮಗೆ ತಿಳಿದದ್ದು ಮೂರನೇ ಮಹಡಿಯ ತಿರುವಿನಲ್ಲಿ. ಎಲ್ಲರೂ ತಮ್ಮದನ್ನು ಹೇಳಿಕೊಂಡರು. ಮಾವ ಮಾತ್ರ ಏನೂ ಹೇಳಲಿಲ್ಲ. ಹತ್ತುತ್ತಾ ಮಾತಾಡುವಷ್ಟು ಉಸಿರು ಅವನಲ್ಲಿ ಇರಲಿಲ್ಲ, "ಹ್ಞೂಂ, ಆಮೇಲೆ?" ಎನ್ನುವಷ್ಟು ಮಾತ್ರ ಇತ್ತು.

ಎರಡು ತಿಂಗಳಿಗೆ ಅವನ ಮಂಡಿ ಕುಂಬಳಕಾಯಿಯ ಹಾಗೆ ಊದಿಕೊಂಡಿತು. ಮುಚ್ಚಿಟ್ಟುಕೊಂಡಿದ್ದ. ನಾನೇ ಜಬರದಸ್ತಿನಿಂದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರು ಮುಟ್ಟಿ ನೋಡಿ, ಇನ್ನು ಒಂದೇ ಒಂದು ಮೆಟ್ಟಿಲೂ ಹತ್ತಕೂಡದು ಎಂದು ಬರೆದುಕೊಟ್ಟರು. ಮೇಡಂ ಆ ಕಾಗದ ಓದಿ, ಸೋಮವಾರದಿಂದ ಮಾವನಿಗೆ ಹಿತ್ತಲಿನ ಗೋದಾಮಿನಲ್ಲಿ ಕೆಲಸ ಎಂದರು. ಅದು ತಿರಸ್ಕೃತ ತಕ್ಕಡಿಗಳನ್ನು ರಾಶಿ ಹಾಕುವ ಜಾಗ. ವರ್ಷಕ್ಕೆ ಎರಡು ಸಲ ಬೀಗ ತೆಗೆಯುತ್ತಾರೆ. ನರಪಿಳ್ಳೆಯೂ ಅತ್ತ ಸುಳಿಯುವುದಿಲ್ಲ.

"ಲಿಫ್ಟಿನ ಬೀಗ ತೆಗೆಸಿ ಮೇಡಂ" ಎಂದು ಅಂಗಲಾಚಿದೆ.

"ನನಗೇನು ಆಸೆಯಿಲ್ವಾ? ಆದ್ರೆ ಭೂಮಿ?" ಎಂದರು.

ಮಾವ ಶನಿವಾರ ತನ್ನ ಸ್ಟೂಲನ್ನು ಒರೆಸಿ ಗೋದಾಮಿನಲ್ಲಿ ಇಟ್ಟು ಬಂದ. "ಆಯ್ತು ಬಿಡು ಪುಟ್ಟಿ" ಎಂದ. ನನಗೆ ನಲವತ್ತನಾಲ್ಕು ವರ್ಷ, ಅವನಿಗಿನ್ನೂ ನಾನು ಪುಟ್ಟಿಯೇ.

"ಅಲ್ಲಿ ಯಾರ ಹತ್ರ ಮಾತಾಡ್ತೀಯ ಮಾವ?"

"ತಕ್ಕಡಿಗಳಿವೆಯಲ್ಲ" ಎಂದು ನಕ್ಕ. ನಾನು ಟಪಾಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಹೆಡ್ ಕ್ಲರ್ಕರ ಒಂದು ಕುಹಕದ ಮಾತಿಗೆ ಸೇಡು ತೀರಿಸಲು ಹೋಗಿ ನನ್ನ ಮಾವನನ್ನು ಗೋದಾಮಿಗೆ ಹಾಕಿಸಿದ್ದೆ. ಭಾನುವಾರ ಪೂರ್ತಿ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ ಲಿಫ್ಟಿನ ಪರವಾಗಿ ಒಂದಾದರೂ ಸಂಶೋಧನೆ ಇದೆಯಾ ಎಂದು ಹುಡುಕಿದೆ. ಬೆಕ್ಕು ಸಾಕುವವರ ಬಗ್ಗೆ ಇತ್ತು, ಎಡಮಗ್ಗುಲಲ್ಲಿ ಮಲಗುವವರ ಬಗ್ಗೆ ಇತ್ತು. ಲಿಫ್ಟ್ ಯಾರಿಗೂ ಬೇಕಿರಲಿಲ್ಲ.

ಸೋಮವಾರ ಬೆಳಿಗ್ಗೆ ಬಂದರೆ ಮೆಟ್ಟಿಲ ಬುಡದಲ್ಲಿ ಜನ ಸೇರಿದ್ದರು. ನಡುವೆ ಹೆಡ್ ಕ್ಲರ್ಕ್ ಸಾಹೇಬರು, ಕೈಯಲ್ಲಿ ಒಂದು ಚೀಟಿ. "ಭಾರ ಹೊರೋರ ಮೂಳೆ ಗಟ್ಟಿ. ಹೊಸ ಸಂಶೋಧನೆ. ನಾನೇ ಕತ್ತರಿಸಿದ್ದು" ಎಂದು ಎಲ್ಲರಿಗೂ ಕೇಳುವಂತೆ ಓದಿದರು. ಆಮೇಲೆ ತಮ್ಮ ಮೇಜಿನ ಕುರ್ಚಿಯನ್ನೇ ತರಿಸಿ, ಗೋದಾಮಿನ ಕಡೆ ಹೊರಟಿದ್ದ ಮಾವನನ್ನು ತೋಳು ಹಿಡಿದು ಅದರಲ್ಲಿ ಕೂರಿಸಿದರು.

ತೂಗದೆ ಏನನ್ನೂ ಎತ್ತುವ ಇಲಾಖೆ ನಮ್ಮದಲ್ಲ. ಮಾವ ಸರಿಯಾಗಿ ಅರವತ್ತೆಂಟು ಕಿಲೋ, ಹಲಗೆಯ ಲೆಕ್ಕಕ್ಕೆ ಕರಾರುವಾಕ್ಕಾಗಿ ಒಂದು ಜನ. ಕುರ್ಚಿ ಆರು ಕಿಲೋ. ನಾಲ್ವರಿಗೆ ತಲಾ ಹದಿನೆಂಟೂವರೆ. ಇನ್‌ಸ್ಪೆಕ್ಟರ್ ಅಭ್ಯಾಸಬಲದಿಂದ ಕುರ್ಚಿಯ ಕಾಲಿಗೆ ಇಲಾಖೆಯ ಮುದ್ರೆಯನ್ನೂ ಒತ್ತಿಬಿಟ್ಟರು. ಮುಂದೆ ಸಾಹೇಬರು ಮತ್ತು ಇನ್‌ಸ್ಪೆಕ್ಟರ್, ಹಿಂದೆ ಸಕ್ಕರೆ ವ್ಯಾಪಾರಿ ಮತ್ತು ನಾನು. ಎಂಟರ ಲೆಕ್ಕ ತುಂಬಲು ಮಿಕ್ಕ ಮೂವರು ಪಕ್ಕದಲ್ಲಿ.

ಮೊದಲ ಮಹಡಿಯಲ್ಲಿ ಮೇಡಂ ಎದುರಾದರು. "ಇದೇನ್ರೀ ಇದು, ಅವರನ್ನ ತಲೆ ಮೇಲೆ ಕೂರಿಸ್ಕೊಂಡಿದ್ದೀರಿ!"

"ಹೆಗಲ ಮೇಲೆ ಮೇಡಂ" ಎಂದರು ಸಾಹೇಬರು ಏದುಸಿರಿನಲ್ಲೇ. "ಸಂಶೋಧನೇಲಿ ಹೆಗಲು ಅಂತಲೇ ಇದೆ."

ಮೇಡಂ ಯೋಚಿಸಿದರು. ನಿರ್ವಾಹಕ ಜೊತೆಗಿದ್ದಾನೆ. ಒಂದು ಮೆಟ್ಟಿಲೂ ಹತ್ತುತ್ತಿಲ್ಲ. ಕರೆಂಟು ಖರ್ಚಾಗುತ್ತಿಲ್ಲ. ಅವರು ಗೋಡೆಗೆ ಸರಿದು ದಾರಿ ಬಿಟ್ಟರು.

ಮಾವ ಮೊದಲು ನಾಚಿಕೆಯಿಂದ ಮುದುಡಿ ಕೂತಿದ್ದ. "ಎರಡನೇ ಮಹಡಿ" ಎಂದು ಕೂಗುವ ಹೊತ್ತಿಗೆ ಗಂಟಲು ಸರಿಹೋಯಿತು. ಮೂರನೆಯದು ದಾಟಿದ ಮೇಲೆ ಅವನಿಗೆ ಥಟ್ಟನೆ ಹೊಳೆದಿರಬೇಕು, ಈಗ ತನ್ನ ಉಸಿರು ತನ್ನ ಹತ್ತಿರವೇ ಇದೆ ಎಂದು.

"ಆವತ್ತು ನಿಮ್ಮತ್ತೇನ ಆಸ್ಪತ್ರೆಗೆ ಕರ್ಕೊಂಡು ಹೋದ್ನಾ ಪುಟ್ಟಿ" ಎಂದು ಶುರು ಮಾಡಿದ. "ಒಳಗೆ ಕಾಲಿಡ್ತಿದ್ದ ಹಾಗೇ ಏನಾಯ್ತು ಗೊತ್ತಾ? ಲಿಫ್ಟ್ ಕೆಟ್ಟಿತ್ತು. ಐದನೇ ಮಹಡಿಗೆ ಹೋಗ್ಬೇಕು. ನಾನೇ ಎತ್ಕೊಂಡೆ, ಎರಡು ಮೆಟ್ಟಿಲಿಗೇ ಕೈ ಸೋತೋಯ್ತು. ಆಗ ಯಾರೋ ನಾಲ್ಕು ಜನ ಬಂದ್ರು, ಯಾರು ಏನು ಗೊತ್ತಿಲ್ಲ. ಒಂದು ಕುರ್ಚೀಲಿ ಕೂರಿಸಿ ಹೊತ್ಕೊಂಡ್ರು, ಹೀಗೇ. ನಾನು ಅವಳ ಚಪ್ಪಲಿ ಹಿಡ್ಕೊಂಡು ಹಿಂದೆ ಹಿಂದೆ ಹತ್ತಿದೆ. ತಿರುಗಿ ನೋಡಿ ನಕ್ಳು ಕಣೇ. 'ಊರೋರ್ನೆಲ್ಲಾ ಮೇಲೆ ಕರ್ಕೊಂಡು ಹೋಗ್ತೀರಿ, ನನ್ನನ್ನ ಬೇರೆಯೋರು ಹೊರಬೇಕಾಯ್ತು ನೋಡಿ' ಅಂದ್ಳು. ಎಲ್ರೂ ನಕ್ರು. ನಾಲ್ಕನೇ ಮಹಡಿ ಹತ್ರ ಅವಳ ಕೈ ಜೋತುಬಿತ್ತು. ಹೊತ್ತೋರಿಗೆ ಗೊತ್ತಾಗ್ಲಿಲ್ಲ. ನನಗೆ ಗೊತ್ತಾಯ್ತು. ಹೇಳಿದ್ರೆ ಇಳಿಸಿಬಿಡ್ತಾರಲ್ಲಾ ಅಂತ ಹೇಳ್ಲಿಲ್ಲ. ಐದರವರೆಗೂ ಹೊತ್ಕೊಂಡು ಹೋದ್ರು ಪಾಪ."

ಸಾಹೇಬರ ಮುಖದಿಂದ ಇಳಿಯುತ್ತಿದ್ದುದೆಲ್ಲ ಬೆವರಲ್ಲ. ಮಾವ ಒರಟು ಅಂಗೈಯಿಂದ ಮುಖ ಒರೆಸಿಕೊಂಡು, ನೆಟ್ಟಗೆ ಕೂತು, ಎಂದಿನ ದನಿಯಲ್ಲಿ ಕೂಗಿದ:

"ನಾಲ್ಕನೇ ಮಹಡಿ. ಇಳಿಯೋರು ಇಳ್ಕೊಳ್ಳಿ."

ನನ್ನ ಮಹಡಿ ಅದು. ನಾನು ಕುರ್ಚಿ ಬಿಡಲಿಲ್ಲ. ಆರನೆಯವರೆಗೂ ಹೊತ್ತೆ.