ನೀರಿನಲ್ಲಿ ಅಕ್ಕನ ಕೈ

"ನಾನ್ ಮಾಡಿದ್ದಕ್ಕೆ ನಿಮ್ ಹೆಸ್ರ್ ಹಾಕಂಬುಕೆ ನಾಚ್ಕಿ ಆತಿಲ್ಯಾ ಭಾವ?"

"ಮೆಲ್ಲ ಮಾತಾಡ್ ಪ್ರೇಮ, ಮಾರಾಯ. ಕೆಳ್ಗೆ ಬಟ್ಟೆ ಅಂಗ್ಡಿಯವ್ರಿಗೆ ಕೇಳ್ತ್."

"ಕೇಳ್ಲಿ! ಬೈಂದೂರಿನ್ ತನ್ಕ ಕೇಳ್ಲಿ!"

ಕಂಪ್ಯೂಟರ್ ಪರದೆಯ ಮೇಲೆ ನಮ್ಮ ಹೊಸ ವಿಡಿಯೋದ ಕೊನೆಯ ಹೆಸರುಗಳು ನಿಂತಿದ್ದವು. ‘ಎಳೆಗಳ ವಿನ್ಯಾಸ: ಕಮಲಾಕ್ಷ.’ ಅದು ಭಾವ. ಅದರ ಕೆಳಗೆ ಕೃತಜ್ಞತೆ ಎಂದು ಬರೆದು, ನಮಗೆ ಭತ್ತದ ಉಮಿ ಕೊಟ್ಟ ಬಾರ್ಕೂರಿನ ಅಕ್ಕಿ ಮಿಲ್ಲಿನ ಹೆಸರನ್ನೂ ಹಾಕಿದ್ದರು. ನನ್ನ ಹೆಸರು ಎಲ್ಲಿಯೂ ಇರಲಿಲ್ಲ.

"ನೀನ್ ಏಳ್ನೇ ಕ್ಲಾಸ್. ನಂಗೆ ಸರ್ಟಿಫಿಕೇಟ್ ಇತ್ತ್," ಎಂದರು ಭಾವ. "ಮುಂಬೈ ಸಿನಿಮಾದವ್ರ್ ಎಂತ ಕಾಂತ್ರ್, ಹೇಳ್?"

"ಸರ್ಟಿಫಿಕೇಟ್ ಹಾಕಿ ಒಂದ್ ಎಳೆ ಎಬ್ಸಿ ಕಾಂಬ!"

ಕುಂದಾಪುರದ ಈ ಮಹಡಿಯಲ್ಲಿ ಭಾವ, ನಾನು ಇಬ್ಬರೂ ಹನ್ನೆರಡು ವರ್ಷ ಮದುವೆ ವಿಡಿಯೋ ಮಾಡಿಕೊಂಡಿದ್ದವರು. ಎಳೆಗಳ ಹುಚ್ಚು ಹಿಡಿದದ್ದು ನನಗೆ. ಕಂಪ್ಯೂಟರಿನಲ್ಲಿ ಸಾವಿರಾರು ಚುಕ್ಕಿ ಬಿಟ್ಟು, ಪ್ರತಿ ಚುಕ್ಕಿ ಹೋದ ದಾರಿಯನ್ನೇ ಒಂದು ಎಳೆಯಾಗಿ ಉಳಿಸಿದರೆ ಕೂದಲಾಗುತ್ತದೆ, ನೀರಿನ ಪಾಚಿಯಾಗುತ್ತದೆ. ಆದರೆ ಸಾಫ್ಟ್‌ವೇರಿನ ಗಾಳಿ ಕೊಟ್ಟರೆ ಎಲ್ಲ ಎಳೆಗಳೂ ಪೊರಕೆಯ ಕಡ್ಡಿಗಳ ಹಾಗೆ ಒಟ್ಟಿಗೆ ಬಾಗುತ್ತವೆ. ಜೀವ ಇರುವುದಿಲ್ಲ. ಅದಕ್ಕೇ ಸೀತಾನದಿಯಲ್ಲಿ ದೋಣಿ ಕಟ್ಟಿ ನಿಲ್ಲಿಸಿ, ಬಿದಿರು ಗಳಕ್ಕೆ ಮೊಬೈಲು ಕಟ್ಟಿ, ನೀರಿಗೆ ಉಮಿ ಚೆಲ್ಲಿ ಚಿತ್ರ ತೆಗೆದೆ. ಉಮಿ ಸಾಗಿದ ಹಾಗೆಯೇ ನನ್ನ ಚುಕ್ಕಿಗಳನ್ನು ಸಾಗಿಸಿದೆ. ಆ ದಿನ ಭಾವ ಬಂದಿರಲಿಲ್ಲ. ಉಮಿ ಚೆಲ್ಲಿದವಳು ನನ್ನ ಅಕ್ಕ, ಅವರ ಹೆಂಡತಿ ವೇದಾವತಿ.

ಅಕ್ಕ ಈಗ ಊಟದ ಬುತ್ತಿ ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು.

ಅಷ್ಟರಲ್ಲಿ ದಿವ್ಯಾ ಮೆಟ್ಟಿಲು ಹತ್ತಿ ಬಂದಳು. ಮುಂಬೈ ಕಂಪೆನಿಯವಳು, ಹುಟ್ಟಿದ್ದು ಇಲ್ಲೇ ಹತ್ತಿರದ ನಾವುಂದದಲ್ಲಿ. ಅವರ ಸಿನಿಮಾದ ಕಡಲಿನ ಕೆಲಸಕ್ಕೆ, ಈ ಎಳೆ ಮಾಡಿದವನನ್ನು ಕರೆದುಕೊಂಡು ಹೋಗಲು ಬಂದಿದ್ದಳು. ಭಾವ ಅವಳಿಗೆ ಕುರ್ಚಿ ಎಳೆದು ಕೊಟ್ಟು ವಿಡಿಯೋ ಹಾಕಿದರು.

ಎಳೆಗಳು ಹರಿದವು. ಒಂದು ಕಡೆ ಬಂದಾಗ, ಏನೂ ಇಲ್ಲದ ಜಾಗದಲ್ಲಿ ಎರಡಾಗಿ ಸೀಳಿ, ನಾಲ್ಕು ಸಣ್ಣ ದಾರಿಗಳಲ್ಲಿ ನುಸುಳಿ, ಮುಂದೆ ಹೋಗಿ ಕೂಡಿಕೊಂಡವು.

"ಇದೇ ಕಾಣಿ! ನಮ್ ಡೈರೆಕ್ಟರ್ ಇದನ್ನೇ ಹತ್ತ್ ಸಲ ಕಂಡದ್ದ್," ಎಂದಳು ದಿವ್ಯಾ. "ಇಲ್ಲಿ ಎಂತಕೆ ಹೀಂಗೆ ಸೀಳತ್ತ್?"

"ಅದ್... ಗಾಳಿ ಸೆಟ್ಟಿಂಗ್," ಎಂದರು ಭಾವ.

ನಾನು ನಕ್ಕೆ. "ಗಾಳಿ ಅಲ್ಲ, ಕೈ. ಅಲ್ಲೊಂದ್ ಕೈ ಇತ್ತ್, ಚಿತ್ರದಿಂದ ನಾನೇ ಅಳ್ಸಿದ್ದ್. ಅಕ್ಕಾ, ಹೇಳ್. ದೋಣಿಯೊಳ್ಗೆ ಕೂಕಂಡ್ ನೀರಿಗ್ ಕೈ ಇಳ್ಸಿದ್ದ್ ಯಾರ್?"

ಸಣ್ಣವಳಿದ್ದಾಗಿನಿಂದಲೂ ದೋಣಿ ಹತ್ತಿದರೆ ಅಕ್ಕನ ಕೈ ನೀರಿನಲ್ಲೇ. ಆ ದಿನವೂ ಬೆರಳು ಬಿಡಿಸಿ ಇಳಿಸಿದ್ದಳು. ಉಮಿ ಅವಳ ಬೆರಳ ಸಂದಿನಲ್ಲಿ ಹಾದು ಹೋಗಿತ್ತು.

ದಿವ್ಯಾ ಅಕ್ಕನ ಕಡೆ ತಿರುಗಿದಳು. ಭಾವ ನೆಲ ನೋಡಿದರು. ಅಕ್ಕ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಂಗೆ ದೋಣಿ ಗೀಣಿ ಗೊತ್ತಿಲ್ಲೆ," ಎಂದಳು. "ಇದ್ ಪೂರಾ ಇವ್ರೇ ಮಾಡಿದ್ದ್. ತಮ್ಮ ಸಹಾಯಕ್ಕೆ ಇದ್ದ, ಅಷ್ಟೇ."

ಭಾವ ಕದ್ದದ್ದಕ್ಕೆ ಜಗಳಕ್ಕೆ ನಿಂತಿದ್ದೆ; ಅಕ್ಕನ ಸುಳ್ಳಿಗೆ ಹೊರಟೆ. ನನ್ನ ಪೆನ್ನು, ಕನ್ನಡಕ ಜೇಬಿಗೆ ಹಾಕಿಕೊಂಡೆ. ಮೂಲೆಯಲ್ಲಿ ಉಳಿದ ಉಮಿಯ ಚೀಲವಿತ್ತು. ಎತ್ತಿ ಭಾವನ ಮೇಜಿನ ಮೇಲೆ ಇಟ್ಟೆ.

"ಇದ್ ಬೇಕಾತ್ ನಿಮ್ಗೆ," ಎಂದೆ.

ಅಕ್ಕ ಹಿಂದೆಯೇ ಮೆಟ್ಟಿಲ ತನಕ ಬಂದಳು. "ಊಟ ಮಾಡ್ಕಂಡ್ ಹೋಗ್, ಪ್ರೇಮ. ಬಂಗ್ಡಿ ಮೀನ್ ಸಾರ್ ತಂದಿದ್ದೆ."

ತಿರುಗಿ ನೋಡಲಿಲ್ಲ. ಕೆಳಗೆ ಬ್ರಹ್ಮಾವರದ ಬಸ್ಸು ಹೊರಟು ನಿಂತಿತ್ತು. ಹತ್ತಿದೆ. ಆ ಮೆಟ್ಟಿಲನ್ನು ಮತ್ತೆ ಹತ್ತಲಿಲ್ಲ.