ಎಡಮಗ್ಗುಲ ನಿದ್ದೆ

ಅರವತ್ತಾರನೆಯ ವಯಸ್ಸಿನಲ್ಲಿ ಶಾರದಾಂಬ ಮತ್ತೆ ಶಾಲೆಗೆ ಸೇರಿದರು. ಗೋಡೆಯೂ ಮಾಡೂ ಇಲ್ಲದ ಶಾಲೆ. ಬೇಗಾರಿನ ಮೇಲಿನ ಕಾಡಿನಲ್ಲಿ ಒಂದು ಹೆಬ್ಬಲಸಿನ ಮರದ ನೆರಳು. ಎರಡು ಸಾವಿರದ ಆರನೆಯ ಇಸವಿಯ ಡಿಸೆಂಬರ್. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯಿಂದ ಇಪ್ಪತ್ತು ಹೆಂಗಸರು ಬಂದಿದ್ದರು. ಡಾಕ್ಟರೂ ಇಲ್ಲದ, ರಸ್ತೆಯೂ ಇಲ್ಲದ ಜಾಗದಲ್ಲಿ ಯಾರಾದರೂ ಬಿದ್ದರೆ, ಹಾವು ಕಚ್ಚಿದರೆ, ಕತ್ತಿ ತಗುಲಿದರೆ ಮೊದಲು ಏನು ಮಾಡಬೇಕೆಂದು ಎರಡು ದಿನ ಕೈಯಾರೆ ಮಾಡಿಸಿ ಕಲಿಸುವ ಶಿಬಿರ. ಕಲಿಸುವವರು ಕಮಲಾ ಸಿಸ್ಟರ್, ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು.

"ನಿಮಗೆ ಯಾಕತ್ತೆ ಇದೆಲ್ಲ? ಗುಡ್ಡ ಹತ್ತಬೇಕಂತೆ" ಎಂದು ಸೊಸೆ ಎರಡು ಸಲ ಕೇಳಿದ್ದಳು. ಅದರ ಉತ್ತರವನ್ನು ಶಾರದಾಂಬ ದೇವರ ಮುಂದಲ್ಲದೆ ಬೇರೆಲ್ಲೂ ಬಾಯಿಬಿಟ್ಟು ಹೇಳಿದವರಲ್ಲ.

ಹೋದ ಮಾಘದಲ್ಲಿ ಅವರ ಯಜಮಾನರು ಅನಂತಕೃಷ್ಣಯ್ಯನವರು ಗುಡ್ಡದಿಂದ ಮನೆಗೆ ನೀರು ಹರಿಸುವ ಅಡಿಕೆ ಮರದ ದಂಬೆ ಜಾರಿದೆಯೆಂದು ಸರಿಮಾಡಲು ಹೊರಟರು. ದಾರಿಯಲ್ಲಿ ನಾಗನ ಕಲ್ಲಿಗೆ ನೀರೆರೆಯಲು ಶಾರದಾಂಬ ತಾಮ್ರದ ತಂಬಿಗೆಯಲ್ಲಿ ತುಂಗೆಯ ನೀರು ಹಿಡಿದು ಹಿಂದೆಯೇ ಹೋದರು. ಮುಂದೆ ನಡೆಯುತ್ತಿದ್ದ ಯಜಮಾನರು ನಿಂತರು, ಎದೆ ಒತ್ತಿಕೊಂಡರು, ಬಿದ್ದರು. ಶಾರದಾಂಬ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಬಿಟ್ಟರು. ಅಷ್ಟೇ. ಪುಣ್ಯವಂತ, ಕೊನೆಗಾಲಕ್ಕೆ ಹೆಂಡತಿಯ ಕೈಯಿಂದ ತುಂಗೆಯ ನೀರು ಸಿಕ್ಕಿತು ಎಂದು ಊರೇ ಹೇಳಿತು. ಆದರೆ ಹದಿಮೂರನೆಯ ದಿನದ ಪಂಕ್ತಿಯಲ್ಲಿ ನೆಂಟರೊಬ್ಬರು ಇನ್ಯಾರದೋ ಸುದ್ದಿ ಹೇಳುತ್ತ, ಎಚ್ಚರ ತಪ್ಪಿದವರಿಗೆ ನೀರು ಕುಡಿಸಿದರೆ ಅದು ಉಸಿರಿನ ದಾರಿಗೇ ಇಳಿದು ಪ್ರಾಣ ತೆಗೆಯುತ್ತದಂತೆ ಎಂದುಬಿಟ್ಟರು. ಬಡಿಸುತ್ತಿದ್ದ ಶಾರದಾಂಬರ ಕೈಯ ಸೌಟು ಅಲ್ಲೇ ನಿಂತಿತು. ತಾನು ಕೊಟ್ಟದ್ದು ತೀರ್ಥವೋ, ಸಾವೋ? ಅಂದಿನಿಂದ ಸಂಧ್ಯಾದೀಪ ಹಚ್ಚುವಾಗಲೂ ಅದೊಂದೇ ಪ್ರಶ್ನೆ.

ಶಿಬಿರದಲ್ಲಿ ಅವರಿಗೆ ಜೊತೆಯಾಗಿ ಸಿಕ್ಕವಳು ಸೀತೂರಿನ ಪ್ರೇಮಕ್ಕ. ಐವತ್ತರ ಗಟ್ಟಿ ಹೆಂಗಸು, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಬಾಯಿಗೆ ಬಿಡುವಿಲ್ಲ. ಒಬ್ಬರು ರೋಗಿಯಾಗಿ ಮಲಗಬೇಕು, ಇನ್ನೊಬ್ಬರು ನೋಡಬೇಕು. ಪ್ರೇಮಕ್ಕ ತರಗೆಲೆಯ ಮೇಲೆ ಅಂಗಾತ ಬಿದ್ದು ಕಣ್ಣು ಮುಚ್ಚಿದಳು. ಪರರ ಮೈ ಮುಟ್ಟಿ ರೂಢಿಯಿಲ್ಲದ ಶಾರದಾಂಬ ಸೆರಗು ಹಿಡಿದು ನಿಂತೇ ಇದ್ದರು.

ಪ್ರೇಮಕ್ಕ ಒಂದು ಕಣ್ಣು ತೆರೆದಳು. "ಅಲ್ರೀ ಅಮ್ಮಾ, ನಾನಿಲ್ಲಿ ಸತ್ತು ಬಿದ್ದೀನಿ, ನೀವು ಮಡಿ ನೋಡ್ಕಂಡು ನಿಂತಿದೀರಲ್ಲ!"

"ಸತ್ತೋರು ಮಾತಾಡ್ತಾರೇನೆ ಮಾರಾಯ್ತಿ? ಬಾಯಿ ಮುಚ್ಚು" ಎಂದು ಶಾರದಾಂಬ ಮೊಣಕಾಲೂರಿ ಕುಳಿತರು. ಮಡಿಯ ಗಂಟು ಅಲ್ಲಿಗೆ ಸಡಿಲವಾಯಿತು.

ಭುಜ ತಟ್ಟಿ ಕೂಗುವುದು, ಎದೆ ಏರಿಳಿಯುತ್ತಿದೆಯೇ ಎಂದು ನೋಡುವುದು, ಮೂಗಿನ ಹತ್ತಿರ ಕೆನ್ನೆಯೊಡ್ಡಿ ಉಸಿರು ತಾಗುತ್ತದೆಯೇ ಎಂದು ತಿಳಿಯುವುದು. ಉಸಿರಿದ್ದು ಎಚ್ಚರವಿಲ್ಲದಿದ್ದರೆ, ಪೆಟ್ಟು ಬಿದ್ದು ಕುತ್ತಿಗೆಗೆ ನೋವಾಗಿರುವ ಸಂಶಯವಿಲ್ಲದಿದ್ದರೆ, ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಕಮಲಾ ಸಿಸ್ಟರ್ ಪ್ರೇಮಕ್ಕನ ಬಲಮೊಣಕಾಲು ಮಡಿಸಿ, ಬಲ ಅಂಗೈಯನ್ನು ಎಡಗೆನ್ನೆಯ ಅಡಿಗೆ ತಂದು, ನಿಧಾನವಾಗಿ ಎಡಕ್ಕೆ ಹೊರಳಿಸಿದರು.

"ಇದು ನಮ್ಮ ವಾಮಕುಕ್ಷಿ!" ಎಂದರು ಶಾರದಾಂಬ.

"ಎಂತ ಕುಕ್ಷಿ?" ಎಂದಳು ಮಲಗಿದ್ದ ಪ್ರೇಮಕ್ಕ.

"ಊಟ ಆದ್ಮೇಲೆ ಎಡಮಗ್ಗುಲಾಗಿ ಒಂದು ಗಳಿಗೆ ಮಲಗೋದು. ನಮ್ಮನೆಯವ್ರು ನಲವತ್ತೈದು ವರ್ಷ ತಪ್ಪಿಸ್ಲಿಲ್ಲ. ಹೀಗೇ, ಕೆನ್ನೆ ಕೆಳಗೆ ಕೈ."

ಎಲ್ಲರೂ ನಕ್ಕರು. "ಹಂಗಾರೆ ನಮ್ಮನೆ ಯಜಮಾನ್ರು ದಿನಾ ಎಚ್ಚರ ತಪ್ತಾರೆ, ಸಾಯಂಕಾಲ ಐದಾದ್ರೂ ಏಳಲ್ಲ" ಎಂದಳು ಪ್ರೇಮಕ್ಕ. ಮತ್ತೊಂದು ನಗೆ.

"ನಗಿ, ಆದ್ರೆ ಇದೊಂದು ಮರೀಬೇಡಿ" ಎಂದರು ಸಿಸ್ಟರ್. "ಎಚ್ಚರ ಇಲ್ದವ್ರ ಬಾಯಿಗೆ ಒಂದು ಹನಿ ನೀರೂ ಹಾಕಬಾರದು. ನಮ್ಮಲ್ಲಿ ಯಾರು ಬಿದ್ರೂ ಮೊದ್ಲು 'ನೀರು ತನ್ನಿ' ಅಂತಾರೆ. ಅದೇ ತಪ್ಪು."

ಶಾರದಾಂಬರ ಮುಖದ ನಗೆ ಆರಿತು. ಮಗ್ಗುಲಲ್ಲಿದ್ದ ಚೀಲವನ್ನು ಮಡಿಲಿಗೆಳೆದುಕೊಂಡರು. ತಿರುಪಿನ ಮುಚ್ಚಳದ ಅದೇ ತಂಬಿಗೆ ಅದರೊಳಗಿತ್ತು.

ಮಧ್ಯಾಹ್ನ ಊಟದ ನಂತರ ಸಿಸ್ಟರ್ ಹಳ್ಳದಲ್ಲಿ ಕೈ ತೊಳೆಯುತ್ತಿದ್ದಾಗ ಶಾರದಾಂಬ ಹತ್ತಿರ ಹೋಗಿ ನಿಂತರು. ಹತ್ತು ತಿಂಗಳಿಂದ ಒಳಗೇ ಕಟ್ಟಿಕೊಂಡದ್ದನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದರು. "ನಾನೇ ಕೊಂದೆನಾ? ಸಮಾಧಾನಕ್ಕೆ ಹೇಳ್ಬೇಡಿ. ನಿಜ ಹೇಳಿ."

ಸಿಸ್ಟರ್ ಅವರನ್ನು ಕಲ್ಲಿನ ಮೇಲೆ ಕೂರಿಸಿ, ತಾವೂ ಕುಳಿತು ಕೇಳಿದರು. "ಬಿದ್ದಾಗ ಉಸಿರು ಹೇಗಿತ್ತು?"

"ಗೊರ್ ಅಂತ ಒಂದು ಸಲ. ತಡೆದು ಇನ್ನೊಂದು ಸಲ. ಬಾಯಾರಿದೆಯೇನೋ ಅಂತಲೇ ನೀರು ಬಿಟ್ಟೆ."

"ನೀರು ಬಿಟ್ಟಾಗ ಕೆಮ್ಮಿದ್ರಾ? ಒದ್ದಾಡಿದ್ರಾ?"

"ಇಲ್ಲ. ಕಟಬಾಯಲ್ಲಿ ಇಳಿದು ಹೋಯ್ತು. ನನ್ನ ಸೀರೆ ಒದ್ದೆ ಆಯ್ತು."

"ಅಮ್ಮಾ, ಆ ಗೊರ್ ಅನ್ನೋದು ಉಸಿರಲ್ಲ. ಹೃದಯ ನಿಂತ ಮೇಲೆ ಹಾಗೊಂದು ಶಬ್ದ ಬರುತ್ತೆ. ನೀವು ತಂಬಿಗೆ ಬಗ್ಗಿಸೋ ಮೊದ್ಲೇ ಹೃದಯ ನಿಂತಿತ್ತು ಅಂತ ನನಗನ್ಸುತ್ತೆ. ನಾನು ಅಲ್ಲಿರ್ಲಿಲ್ಲ, ಆಣೆ ಮಾಡಿ ಹೇಳೋಕಾಗಲ್ಲ. ಎದೆ ಒತ್ತಬೇಕಿತ್ತು. ಒತ್ತಿದ್ರೂ ಉಳೀತಿದ್ರು ಅಂತ ಹೇಳೋಕಾಗಲ್ಲ, ಆ ಕಾಡಲ್ಲಿ."

ಪೂರ್ತಿ ಬಿಡುಗಡೆಯ ಮಾತಲ್ಲ ಅದು. ಆದರೆ ನಿಜವಾದ ಮಾತು. ಸುಳ್ಳಿನ ಸಾಂತ್ವನಕ್ಕಿಂತ ಹಗುರಾಗಿತ್ತು. ಶಾರದಾಂಬ ಸೆರಗು ಬಿಗಿದು ಎದ್ದರು. "ಆ ಎದೆ ಒತ್ತೋದನ್ನ ನನಗೆ ಸರಿಯಾಗಿ ಹೇಳ್ಕೊಡಿ."

ಆ ಸಾಯಂಕಾಲ, ಮರುದಿನ ಬೆಳಿಗ್ಗೆ, ದಿಂಬಿನ ಮೇಲೆ ಒತ್ತಿ ಒತ್ತಿ ಅವರ ರಟ್ಟೆ ಬಿದ್ದುಹೋಯಿತು.

ಎರಡನೆಯ ಮಧ್ಯಾಹ್ನ ಪರೀಕ್ಷೆ. ಅರ್ಧದಷ್ಟು ಹೆಂಗಸರು ಕಾಡಿನಲ್ಲಿ ಅಲ್ಲಲ್ಲಿ ರೋಗಿಗಳಾಗಿ ಮಲಗುವುದು, ಉಳಿದವರು ಹುಡುಕಿ ಆರೈಕೆ ಮಾಡುವುದು. ಪ್ರೇಮಕ್ಕ ಒಂದು ಬೈನೆ ಮರದ ಹಿಂದೆ ಬಿದ್ದಿದ್ದಳು. ಶಾರದಾಂಬ ಹುಡುಕಿಕೊಂಡು ಬಂದದ್ದೇ ತಡ, "ನೀರು... ನೀರು..." ಎಂದು ನರಳಿದಳು.

"ಎಚ್ಚರ ಇಲ್ದವ್ರು ನೀರು ಕೇಳ್ತಾರೇನೆ? ಸುಮ್ನೆ ಬಿದ್ಕೊ" ಎಂದು ಶಾರದಾಂಬ ಭುಜ ತಟ್ಟಿದರು, ಕೂಗಿದರು, ಕೆನ್ನೆಯೊಡ್ಡಿ ಉಸಿರು ನೋಡಿದರು. ಬೆಚ್ಚಗಿನ ಉಸಿರು. ಆಗ ಅವರ ಬಲಗೈ ತಾನಾಗಿಯೇ ಚೀಲದೊಳಗೆ ಹೋಗಿ ತಂಬಿಗೆಯನ್ನು ಹಿಡಿಯಿತು. ತಾಮ್ರ ತಣ್ಣಗಿತ್ತು. ಒಂದು ಕ್ಷಣ ಹಿಡಿದೇ ಇದ್ದರು. ಮತ್ತೆ ಬಿಟ್ಟರು. ಮೊಣಕಾಲು ಮಡಿಸಿದರು, ಅಂಗೈಯನ್ನು ಕೆನ್ನೆಯ ಕೆಳಗಿಟ್ಟರು, ಎಡಕ್ಕೆ ಹೊರಳಿಸಿದರು. ಹೆಗಲ ಮೇಲೆ ಕೈಯಿಟ್ಟು ಕಾವಲು ಕುಳಿತರು.

ಪ್ರೇಮಕ್ಕ ಎರಡು ದಿನವೂ ನಾಲ್ಕು ಗಂಟೆಗೆದ್ದು, ದನದ ಕೆಲಸ ಮುಗಿಸಿ, ಮೊದಲ ಬಸ್ಸು ಹಿಡಿದು ಬಂದವಳು. ಬಿಸಿಲು ಎಲೆಗಳ ಸಂದಿಯಿಂದ ಹಿತವಾಗಿ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಸಣ್ಣ ಗೊರಕೆ ಕೇಳಿಸಿತು. ನಿಜವಾದ ಗೊರಕೆ, ಲಯ ತಪ್ಪದೆ ಹೋಗಿ ಬರುವ ಉಸಿರು.

ಶಾರದಾಂಬ ಆ ಮುಖವನ್ನು ನೋಡಿದರು. ಕೆನ್ನೆಯ ಕೆಳಗೆ ಕೈ. ಜಗಲಿಯಲ್ಲಿ ಹೀಗೆ ಮಲಗಿದವರ ಬಳಿ ಕುಳಿತು, ಮಕ್ಕಳು ಗಲಾಟೆ ಮಾಡದಂತೆ ಕಾದ ಮಧ್ಯಾಹ್ನಗಳೆಷ್ಟೋ. ಮಲಗಿದವರನ್ನು ಕಾಯುವುದನ್ನು ಯಾರೂ ಅವರಿಗೆ ಹೊಸದಾಗಿ ಕಲಿಸಬೇಕಿರಲಿಲ್ಲ. ಮನಸ್ಸಿನಲ್ಲೇ ಶೃಂಗೇರಿಯ ಶಾರದೆಯನ್ನು ನೆನೆದರು.

ಸಿಸ್ಟರ್ ಪುಸ್ತಕ ಹಿಡಿದು ಬಂದರು. "ಚೆನ್ನಾಗಿದೆ ಶಾರದಮ್ಮ, ಪಾಸು. ಪ್ರೇಮಕ್ಕ, ಏಳಿ."

ಶಾರದಾಂಬ ತುಟಿಯ ಮೇಲೆ ಬೆರಳಿಟ್ಟರು. "ಮೆಲ್ಲಗೆ. ಒಂದು ಗಳಿಗೆ ಮಲಗ್ಲಿ, ಪಾಪ."

ಪ್ರೇಮಕ್ಕ ಎದ್ದಾಗ ಉಳಿದವರೆಲ್ಲ ಚೀಲ ಕಟ್ಟುತ್ತಿದ್ದರು. ಕಣ್ಣುಜ್ಜಿಕೊಂಡು, "ಅಯ್ಯೋ ಶಿವನೇ, ಗಂಟಲು ಒಣಗಿ ಹೋಯ್ತಲ್ಲ. ಈಗಾದ್ರೂ ಒಂದು ಗುಟುಕು ಕೊಡ್ತೀರೋ ಇಲ್ವೋ ತಾಯಿ?" ಎಂದಳು.

"ಮೊದ್ಲು ನೆಟ್ಟಗೆ ಎದ್ದು ಕೂತ್ಕೊ" ಎಂದು ಶಾರದಾಂಬ ತಂಬಿಗೆಯ ಮುಚ್ಚಳ ತಿರುಗಿಸಿದರು. "ಹ್ಞಾ, ಈಗ ಕೈಯೊಡ್ಡು."